ಗೋಕಾಕ ಜಲಪಾತದ ನೊರೆ: ಬ್ಲೆಂಡರ್‌ನಲ್ಲಿ ಯಾವ ದಾರಿ?

ಗೋಕಾಕದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಧುಮುಕುತ್ತದೆ. ಆ ಬುಡದ ನೊರೆಯನ್ನು ಬ್ಲೆಂಡರ್ ಎಂಬ 3ಡಿ ಚಿತ್ರ ತಂತ್ರಾಂಶದಲ್ಲಿ ತರಲು ಮೂರು ದಾರಿಗಳಿವೆ: ನಾಯ್ಸ್ ಟೆಕ್ಸ್ಚರ್ (ಲೆಕ್ಕದಿಂದ ಹುಟ್ಟುವ ಅಡ್ಡಾದಿಡ್ಡಿ ಕಲೆಗಳ ವಿನ್ಯಾಸ), ಓಷನ್ ಮಾಡಿಫೈಯರ್ (ಅಲೆ ಮೂಡಿಸುವ ಸಾಧನ), ಮಂಟಾಫ್ಲೋ (ನೀರಿನ ಹರಿವನ್ನು ಲೆಕ್ಕಹಾಕಿ ತೋರಿಸುವ ಸಾಧನ).

ಒಂದೇ ಸ್ಥಿರಚಿತ್ರ ಸಾಕು, ಕಂಪ್ಯೂಟರೂ ಸಾಧಾರಣದ್ದು ಎಂದಾದರೆ ನಾಯ್ಸ್ ಆರಿಸಿ. ಬೇಕ್ ಮಾಡುವ, ಅಂದರೆ ಮೊದಲೇ ಲೆಕ್ಕ ಮಾಡಿಸಿ ಉಳಿಸಿಡುವ ಗೋಜಿಲ್ಲ. ಬಣ್ಣದ ಹಂತಗಳನ್ನು ಹೊಂದಿಸುವ ಕಲರ್ ರ‍್ಯಾಂಪ್‌ನಿಂದ ಬಿಳಿ ಭಾಗ ಬೇರ್ಪಡಿಸಿ, ನೀರು ಬಂಡೆಗೆ ತಾಗುವಲ್ಲಿ ಮಾತ್ರ ಉಳಿಯುವಂತೆ ಮಾಸ್ಕ್ (ಮರೆ) ಹಾಕಿ. ಎಲ್ಲೆಡೆ ಒಂದೇ ಸಮ ಹರಡಿದರೆ ಬೂಷ್ಟು ಹಿಡಿದಂತೆ ಕಾಣುತ್ತದೆ.

ಆಲಮಟ್ಟಿ ಹಿನ್ನೀರಿನಂಥ ವಿಶಾಲ ಅಲೆಗಳಿಗೆ ಓಷನ್ ಮಾಡಿಫೈಯರ್ ಸರಿ. ಚಾಪಿನೆಸ್ (ಅಲೆಯ ತುದಿಯ ಚೂಪು) ಸೊನ್ನೆಯಾಗಿದ್ದರೆ ಫೋಮ್ (ನೊರೆ) ಹುಟ್ಟುವುದೇ ಇಲ್ಲ. ನೊರೆಯ ಮಾಹಿತಿ ಇಡುವ ಡೇಟಾ ಲೇಯರ್‌ಗೆ ಕೊಟ್ಟ ಹೆಸರನ್ನೇ ಅದನ್ನು ಓದುವ ಅಟ್ರಿಬ್ಯೂಟ್ ನೋಡ್‌ನಲ್ಲೂ ಬರೆಯಿರಿ, ಇಲ್ಲದಿದ್ದರೆ ಅಂತಿಮ ಚಿತ್ರವಾದ ರೆಂಡರ್‌ನಲ್ಲಿ ಕಾಣದು. ಬಂಡೆಗೆ ಬಡಿದು ಚಿಮ್ಮುವ ನೀರು ಇದರ ಕೈಲಾಗದು.

ನೀರು ಬೀಳುವ ವಿಡಿಯೋಗೆ ಮಂಟಾಫ್ಲೋನೇ ಬೇಕು. ಸ್ಪ್ರೇ, ಫೋಮ್, ಬಬಲ್ಸ್‌ಗೆ ಬೇರೆ ಬೇರೆ ಕಣಗಳು ಸಿಗುತ್ತವೆ. ಆದರೆ ಸಮಯವನ್ನೂ ಡಿಸ್ಕನ್ನೂ ವಿಪರೀತ ತಿನ್ನುತ್ತದೆ: ರೆಸಲ್ಯೂಶನ್ ದುಪ್ಪಟ್ಟಾದರೆ ವೋಕ್ಸೆಲ್ (ಲೆಕ್ಕಕ್ಕಾಗಿ ಜಾಗವನ್ನು ಒಡೆದ ಪುಟ್ಟ ಘನಗಳು) 8 ಪಟ್ಟಾಗುತ್ತವೆ. ಮೊದಲು ರೆಸಲ್ಯೂಶನ್ 64ರಲ್ಲಿ ನೀರಿನ ಓಟ ಸರಿಪಡಿಸಿ, ಆಮೇಲೆ ಏರಿಸಿ. ಕಣಗಳು ದಪ್ಪ ಗುಂಡುಗಳಾಗಿ ಕಂಡರೆ ಅವುಗಳ ಸ್ಕೇಲ್ ಇಳಿಸಿ.

ಯಾವುದನ್ನೇ ಹಿಡಿಯಿರಿ, ಮಳೆಗಾಲದ ದೃಶ್ಯವಾದರೆ ನೊರೆ ಅಚ್ಚ ಬಿಳಿ ಬೇಡ. ಹೊಳೆಯ ಕೆಂಪು ಮಣ್ಣಿನ ಛಾಯೆ ತುಸು ಬೆರೆಸಿ.