ಲಾವಂಚನಾ, ಮಜ್ಜಿಗೆ ಹುಲ್ಲಾ, ಅಂಜನ್ ಹುಲ್ಲಾ? ನೀರು ಕಮ್ಮಿ ಇರೋ ತೋಟಕ್ಕೆ ಯಾವ್ದು

ಚಿಂತಾಮಣಿ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿದ್ರೂ ನೀರು ಸಿಗೋದು ಗ್ಯಾರಂಟಿ ಇಲ್ಲ, ಆದ್ರೂ ಹೊಸ ಮನೆ ಕಟ್ಟಿದೋರು ಮುಂದ್ಗಡೆ ಮೆಕ್ಸಿಕನ್ ಗ್ರಾಸ್ ಲಾನ್ ಹಾಕಿ ದಿನಾ ಪೈಪ್ ಹಿಡ್ಕೊಂಡು ನಿಲ್ತಾರೆ, ನನಗಂತೂ ನೋಡಿ ಹೊಟ್ಟೆ ಉರಿಯತ್ತೆ. ಒಂದ್ಸಲ ನೆಟ್ರೆ ವರ್ಷಗಟ್ಟಲೆ ಬುಡದಿಂದ್ಲೇ ಚಿಗುರೋ ನಮ್ಮ ಹುಲ್ಲುಗಳು ಇದಾವಲ್ಲ. ಮನೆ ಹಿಂದೆ ಇಳಿಜಾರಿನ ಕೆಂಪು ಗರಸು ನೆಲದಲ್ಲಿ ಮೂರು ತರದ್ದು ಬೆಳೆಸಿ ನೋಡಿದೀನಿ.

ನನ್ನ ಓಟು ಲಾವಂಚಕ್ಕೆ. ಬೇರು ಪಕ್ಕಕ್ಕೆ ಹರಡದೆ ನೆಟ್ಟಗೆ ಕೆಳಗಿಳಿಯತ್ತೆ, ಒಳ್ಳೆ ಮಣ್ಣಿದ್ರೆ ಹತ್ತಡಿವರೆಗೂ, ಹಂಗಾಗಿ ಪಕ್ಕದ ನುಗ್ಗೆ, ಕರಿಬೇವಿನ ಜೊತೆ ನೀರಿಗೆ ಅಷ್ಟೊಂದು ಪೈಪೋಟಿ ಇಲ್ಲ. ಏಪ್ರಿಲ್‌ನಲ್ಲಿ ಹೊರಗಿನ ಗರಿ ಒಣಗಿ ಸತ್ತೇ ಹೋಯ್ತು ಅನ್ಸತ್ತೆ, ಆದ್ರೆ ಬುಡ ಬಿಡಿಸಿ ನೋಡಿ, ಒಳಗೆ ತೆಂಡೆ, ಅಂದ್ರೆ ಬುಡದಿಂದ ಒಡೆಯೋ ಮರಿ, ಬಿಳಿ ಹಸಿರಾಗಿ ಗಟ್ಟಿಯಾಗೇ ಇರತ್ತೆ. ಇಳಿಜಾರಿಗೆ ಅಡ್ಡಲಾಗಿ ಅರ್ಧ ಅಡಿಗೊಂದು ನೆಟ್ಟಿದ್ದ ಸಾಲು ಈಗ ಒತ್ತಾಗಿ ಕೂಡ್ಕೊಂಡಿದೆ, ಮಳೆ ನೀರು ಅಲ್ಲಿ ನಿಧಾನ ಆಗಿ ಮೇಲ್ಗಡೆ ನುಣ್ಣನೆ ಮಣ್ಣು ಕೂತು ಮೆಟ್ಟಿಲ ತರ ಆಗಿದೆ. ಗುಂಡ್ಲುಪೇಟೆ ಕಡೆ ರೈತರು ತಲೆಮಾರುಗಳಿಂದ ಇದನ್ನ ಹೊಲದ ಗಡಿಗೆ ನೆಡ್ತಿದ್ರು, 1980ರ ದಶಕದಲ್ಲಿ ವಿಶ್ವಬ್ಯಾಂಕ್‌ನೋರು ಮಣ್ಣಿನ ಕೊಚ್ಚಣೆ ತಡೆಯಕ್ಕೆ ಅಂತ ಬೇರೆ ಬೇರೆ ದೇಶಕ್ಕೆಲ್ಲ ಹೇಳ್ಕೊಟ್ಟಿದ್ದೂ ಇದೇ ಬೇಲಿ ವಿದ್ಯೆನೇ. ನಮ್ ಕಡೆ ಸಿಗೋ ತಳಿ ಬೀಜದಿಂದ ಹಬ್ಬಲ್ಲ, ತೆಂಡೆ ಬಿಡಿಸಿಯೇ ನೆಡ್ಬೇಕು, ಅದೊಂದು ಕೆಲಸ, ಆದ್ರೆ ಕಳೆ ಆಗತ್ತೆ ಅನ್ನೋ ಭಯಾನೂ ಇಲ್ಲ.

ಮಜ್ಜಿಗೆ ಹುಲ್ಲು, ಅಂದ್ರೆ ಲೆಮನ್ ಗ್ರಾಸ್, ನೋಡಕ್ಕೆ ಚೆನ್ನ, ಟೀಗೆ ಎರಡು ಗರಿ ಹಾಕಿದ್ರೆ ಮನೆಯೆಲ್ಲ ಘಮ, ದನ ಮೇಕೆನೂ ಅಷ್ಟಾಗಿ ಮುಟ್ಟಲ್ಲ. ಆದ್ರೆ ಬಿಸಿಲಿಗೆ ತುದಿಯೆಲ್ಲ ಕಂದು ತಿರುಗಿ ಬುಡದ ನಡುಮಧ್ಯ ಟೊಳ್ಳಾಗತ್ತೆ, ನಾಲ್ಕೈದು ವರ್ಷಕ್ಕೆ ಕಿತ್ತು ಬಿಡಿಸಿ ಬೇರೆ ಕಡೆ ನೆಡ್ಲೇಬೇಕು. ಬಚ್ಚಲ ನೀರು ಹರಿಯೋ ಕಡೆ ಇಟ್ಕೊಳ್ಳಿ, ಅಲ್ಲಿ ಸೊಗಸಾಗಿ ಬರತ್ತೆ, ಬರೀ ಮಳೆ ನಂಬ್ಕೊಂಡು ಬೇಡ.

ಅಂಜನ್ ಹುಲ್ಲಿಗೆ ಬರ ತಡೆಯೋ ಶಕ್ತಿ ಭರ್ಜರಿ, ಮಳೆ ತೀರಾ ಕಮ್ಮಿ ಇರೋ ರಾಜಸ್ಥಾನದಲ್ಲೂ ಬದುಕತ್ತೆ, ಹಸು ಇದ್ದೋರಿಗೆ ಒಳ್ಳೆ ಮೇವು. ತೆನೆಗೆ ಜುಂಗು ಇರತ್ತೆ, ಗಾಳಿಗೂ ದನದ ಮೈಗೂ ಅಂಟ್ಕೊಂಡು ಊರೆಲ್ಲ ಹೋಗತ್ತೆ, ಆಸ್ಟ್ರೇಲಿಯಾದಲ್ಲಿ ಇದೇ ಹುಲ್ಲು ದೊಡ್ಡ ಕಳೆ ಆಗ್ಬಿಟ್ಟಿದೆ. ತೆನೆ ಬರೋ ಮುಂಚೆ ಕುಯ್ದು ಹಾಕೋಕೆ ದನ ಇಲ್ಲದ ಮನೆಗೆ ನಾನು ಹೇಳಲ್ಲ. ಬೀಜ ತಂದ್ರೆ ಹಳೇದೇ ತನ್ನಿ, ಹೊಸದು ಸರಿಯಾಗಿ ಮೊಳೆಯಲ್ಲ.

ಲಾವಂಚ ನೆಡೋದಾದ್ರೆ ಗರಿ ಒಂದು ಗೇಣು ಉಳಿಸಿ, ಬೇರು ಮೋಟು ಮಾಡಿ, ಸಗಣಿ ಬಗ್ಗಡಕ್ಕೆ ಅದ್ದಿ ಜೂನ್ ಮಳೆಗೆ ಹಾಕ್ಬಿಡಿ, ನಮ್ ಕಡೆ ಜೋರು ಮಳೆ ಬರೋ ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಬೇರು ಹಿಡ್ಕೊಂಡಿರತ್ತೆ.