ಇಂಗ್ಲೆಂಡಿನ ಮನೆ ವೈರಿಂಗ್‌ಗೆ ಆನ್‌ಲೈನ್ ಸರ್ಟಿಫಿಕೇಟ್: ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅಭಿಪ್ರಾಯ

ನಾನು ಬ್ರಿಸ್ಟಲ್‌ನಲ್ಲಿ ಮನೆ ವೈರಿಂಗ್ ಕೆಲಸ ಮಾಡುತ್ತೇನೆ. ಕೆಲಸ ಮುಗಿದ ಮೇಲೆ ಸರ್ಟಿಫಿಕೇಟ್ ಬರೆಯಲು ಒಂದು ಮೊಬೈಲ್ ಆ್ಯಪ್ ಇದೆ. ಆ ಕೆಲಸದ ವಿಷಯ ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, ತಲುಪಿಸಲು ನಾನು ಸದಸ್ಯನಾಗಿರುವ ಸ್ಕೀಮಿನ (ಎಲೆಕ್ಟ್ರಿಷಿಯನ್‌ಗಳನ್ನು ನೋಂದಾಯಿಸಿಕೊಳ್ಳುವ ಸಂಸ್ಥೆಯ) ಪೋರ್ಟಲ್ ಇದೆ. ಎರಡನ್ನೂ ಏಳೆಂಟು ವರ್ಷದಿಂದ ಬಳಸುತ್ತಿದ್ದೇನೆ. ನಡುವೆ ಆ್ಯಪ್ ಬದಲಿಸಿದ್ದೂ ಇದೆ. ಇಲ್ಲಿ ಯಾವುದರ ಹೆಸರನ್ನೂ ಹೇಳುವುದಿಲ್ಲ. ನಾನು ನೋಡಿದ ಮಟ್ಟಿಗೆ ಒಳ್ಳೆಯದು, ಕೆಟ್ಟದ್ದು ಎರಡೂ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಐದಕ್ಕೆ ಅಂಕ ಕೊಡಿ ಅಂದರೆ ಪೋರ್ಟಲ್‌ಗೆ ನಾಲ್ಕು, ಆ್ಯಪ್‌ಗೆ ಮೂರು.

ಇಲ್ಲಿಗೆ ಹೊಸದಾಗಿ ಬಂದ ನಮ್ಮವರಿಗೆ ಮೊದಲು ಸ್ವಲ್ಪ ಹಿನ್ನೆಲೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಜನವರಿಯಿಂದ ಮನೆಯ ವಿದ್ಯುತ್ ಕೆಲಸವೂ ಕಟ್ಟಡ ನಿಯಮಗಳ ಒಳಗೆ ಬಂತು. ಆ ಭಾಗಕ್ಕೆ ಪಾರ್ಟ್ ಪಿ ಎಂದು ಹೆಸರು. ಇಂಗ್ಲೆಂಡಿನಲ್ಲಿ 2013ರಲ್ಲಿ ಇದನ್ನು ಸ್ವಲ್ಪ ಸಡಿಲ ಮಾಡಿದರು. ಈಗ ಹೊಸ ಸರ್ಕ್ಯೂಟ್ ಎಳೆದರೆ, ಫ್ಯೂಸ್ ಬೋರ್ಡ್ ಬದಲಿಸಿದರೆ, ಬಾತ್‌ರೂಮಿನಲ್ಲಿ ಟಬ್ ಅಥವಾ ಶವರ್ ಸುತ್ತಲಿನ ಜಾಗದ ವೈರಿಂಗ್‌ಗೆ ಕೈ ಹಾಕಿದರೆ ಕೌನ್ಸಿಲ್‌ನ ಬಿಲ್ಡಿಂಗ್ ಕಂಟ್ರೋಲ್‌ಗೆ ತಿಳಿಸಲೇಬೇಕು. ಮನೆಯವರೇ ಮೊದಲು ಅರ್ಜಿ ಹಾಕಿ ತಿಳಿಸುವುದಾದರೆ ನೂರಾರು ಪೌಂಡ್ ಖರ್ಚು. ಎನ್‌ಐಸಿಇಐಸಿ, ನ್ಯಾಪಿಟ್ ಥರದ ಸ್ಕೀಮಿನಲ್ಲಿ ನೋಂದಾಯಿಸಿದ ಎಲೆಕ್ಟ್ರಿಷಿಯನ್ ಆದರೆ ತಾನೇ ಕೆಲಸ ಮಾಡಿ, ತಾನೇ ಟೆಸ್ಟ್ ಮಾಡಿ, ತಾನೇ ಸರ್ಟಿಫೈ ಮಾಡಬಹುದು. ಕೆಲಸ ಮುಗಿದು 30 ದಿನದೊಳಗೆ ಪೋರ್ಟಲ್‌ನಲ್ಲಿ ತಿಳಿಸಿದರೆ ಸಾಕು, ಕೌನ್ಸಿಲ್‌ಗೆ ಸ್ಕೀಮಿನವರೇ ಮುಟ್ಟಿಸುತ್ತಾರೆ. ಅದಕ್ಕೆ ಆಗುವ ಶುಲ್ಕ ಕೆಲವೇ ಪೌಂಡ್.

ಈ ಕೆಲಸ ಪೋರ್ಟಲ್ ಚೆನ್ನಾಗಿ ಮಾಡುತ್ತದೆ. ವ್ಯಾನಿನಲ್ಲಿ ಕೂತು ಪೋಸ್ಟ್‌ಕೋಡ್ ಹಾಕಿ, ಮನೆ ಆರಿಸಿ, ಕೆಲಸದ ಬಗೆ ಟಿಕ್ ಮಾಡಿ ಕಳಿಸುವಷ್ಟರಲ್ಲಿ ಚಹಾ ಇನ್ನೂ ಬಿಸಿ ಇರುತ್ತದೆ. ಕೆಲವೇ ದಿನಗಳಲ್ಲಿ ಮನೆಯವರಿಗೆ ಬಿಲ್ಡಿಂಗ್ ರೆಗ್ಯುಲೇಷನ್ಸ್ ಕಂಪ್ಲಯನ್ಸ್ ಸರ್ಟಿಫಿಕೇಟ್ ಬರುತ್ತದೆ. ಇದರ ಬೆಲೆ ಗೊತ್ತಾಗುವುದು ಮನೆ ಮಾರುವಾಗ. ಮೈಸೂರು ಕಡೆಯ ಪರಿಚಯದವರು ರೆಡಿಂಗ್‌ನಲ್ಲಿ ಮನೆ ಮಾರಲು ಹೊರಟಾಗ ಕೊಳ್ಳುವವರ ಸಾಲಿಸಿಟರ್ ಈ ಪೇಪರ್ ಕೇಳಿದರು. ಬೋರ್ಡ್ ಹಾಕಿಕೊಟ್ಟ ಎಲೆಕ್ಟ್ರಿಷಿಯನ್ ಅಷ್ಟು ಹೊತ್ತಿಗೆ ಕೆಲಸವನ್ನೇ ಬಿಟ್ಟಿದ್ದ. ಆದರೂ ಸ್ಕೀಮಿನ ದಾಖಲೆಯಲ್ಲಿ ಇತ್ತು, ನಕಲು ಸಿಕ್ಕಿತು, ಮಾರಾಟ ನಿಲ್ಲಲಿಲ್ಲ. ಊರಲ್ಲಿ ಹೊಸ ಮೀಟರ್‌ಗೆ ಅರ್ಜಿ ಹಾಕುವಾಗ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಸಹಿ ಬೇಕು, ನಿಜ. ಆದರೆ ಮೀಟರ್ ಬಂದ ಮೇಲೆ ಆ ಮನೆಯೊಳಗೆ ಯಾರು ಏನು ಸೇರಿಸಿದರು ಎನ್ನುವ ಲೆಕ್ಕ ಎಲ್ಲೂ ಇರುವುದನ್ನು ನಾನು ನೋಡಿಲ್ಲ. ಮನೆಯ ವೈರಿಂಗ್‌ಗೂ ಒಂದು ಇತಿಹಾಸ ಉಳಿಯುತ್ತದಲ್ಲ, ಅದಕ್ಕೇ ಈ ವ್ಯವಸ್ಥೆ ನನಗೆ ಇಷ್ಟ.

ಇನ್ನು ಆ್ಯಪ್. ಪೋರ್ಟಲ್‌ಗೆ ತಿಳಿಸುವುದು ಬೇರೆ, ಸರ್ಟಿಫಿಕೇಟ್ ಬರೆಯುವುದು ಬೇರೆ. ಎಲೆಕ್ಟ್ರಿಕಲ್ ಇನ್‌ಸ್ಟಲೇಷನ್ ಸರ್ಟಿಫಿಕೇಟ್‌ನಲ್ಲಿ ಪ್ರತಿ ಸರ್ಕ್ಯೂಟಿನ ವಿವರ, ಪ್ರತಿಯೊಂದರ ಟೆಸ್ಟ್ ರೀಡಿಂಗ್ ಬರೆಯಬೇಕು. ಡಿಸೈನ್, ಕೆಲಸ, ಟೆಸ್ಟ್, ಮೂರಕ್ಕೂ ಸಹಿ ಬೇಕು. ನಮ್ಮಂಥ ಒಂಟಿ ಕೆಲಸಗಾರರು ಮೂರಕ್ಕೂ ತಾವೇ ಸಹಿ ಹಾಕುತ್ತಾರೆ.

ಲೆಕ್ಕದಲ್ಲಿ ಆ್ಯಪ್ ನಿಜಕ್ಕೂ ಸಹಾಯ ಮಾಡುತ್ತದೆ. ಒಂದು ಮನೆಯ ಸಾಕೆಟ್ ಸರ್ಕ್ಯೂಟ್ ತೆಗೆದುಕೊಳ್ಳಿ. ಇಲ್ಲಿ ಸಾಕೆಟ್‌ಗಳಿಗೆ ಸಾಮಾನ್ಯವಾಗಿ ರಿಂಗ್ ಸರ್ಕ್ಯೂಟ್ ಇರುತ್ತದೆ: ಬೋರ್ಡಿನಿಂದ ಹೊರಟ ವೈರ್ ಎಲ್ಲ ಸಾಕೆಟ್ ಸುತ್ತಿ ಮತ್ತೆ ಬೋರ್ಡಿಗೇ ಬರುತ್ತದೆ. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಮೊಣಕಾಲೂರಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ತುದಿಯಿಂದ ತುದಿಗೆ ಅಳೆದರೆ ಫೇಸ್ 0.41 ಓಮ್, ನ್ಯೂಟ್ರಲ್ 0.42, ಅರ್ಥ್ 0.68 ಬಂತು ಅನ್ನಿ. ಇಲ್ಲಿನ ಕೇಬಲ್‌ನಲ್ಲಿ ಫೇಸ್ 2.5 ಚದರ ಮಿ.ಮೀ. ಇದ್ದರೆ ಅರ್ಥ್ ವೈರ್ 1.5 ಮಾತ್ರ. ಹಾಗಾಗಿ ಅರ್ಥ್ ರೀಡಿಂಗ್ ಸುಮಾರು 1.67 ಪಟ್ಟು ಜಾಸ್ತಿ ಇರಬೇಕು. ಇದೆ. ಫೇಸ್ ಮತ್ತು ಅರ್ಥ್ ಕೂಡಿಸಿ ನಾಲ್ಕರಿಂದ ಭಾಗಿಸಿದರೆ 0.27. ಬೀದಿಯಿಂದ ಬರುವ ಸಪ್ಲೈನ ಲೂಪ್ (ಫೇಸ್ ಅರ್ಥ್‌ಗೆ ತಗುಲಿದಾಗ ಕರೆಂಟ್ ಸುತ್ತಿ ಬರುವ ದಾರಿಯ ತಡೆ) 0.20 ಇದ್ದರೆ ಒಟ್ಟು 0.47. ಬಿ ಟೈಪಿನ 32 ಆಂಪ್ಸ್ ಎಂಸಿಬಿಗೆ ಮಿತಿ 1.37 ಓಮ್. ಈ ಮಿತಿಗಳೆಲ್ಲ ಆ್ಯಪ್ ಒಳಗೇ ಇವೆ. ದಾಟಿದರೆ ಆ ಚೌಕ ಕೆಂಪಾಗುತ್ತದೆ. ಮಸುಕಾದ ಕಾರ್ಬನ್ ಪ್ರತಿಯ ಪುಸ್ತಕದಲ್ಲಿ ಇದೆಲ್ಲ ಎಲ್ಲಿತ್ತು?

ನಿಯಮ ಬದಲಾದಾಗಲೂ ಹಾಗೆಯೇ. ಬಿಎಸ್ 7671 ನಮ್ಮ ಕೆಲಸದ ಮೂಲ ಪುಸ್ತಕ. ಅದರ ಎರಡನೇ ತಿದ್ದುಪಡಿ 2022ರ ಮಾರ್ಚ್‌ನಲ್ಲಿ ಬಂತು, ಆ ವರ್ಷದ ಸೆಪ್ಟೆಂಬರ್ ಕೊನೆಗೆ ಹಳೆಯ ನಿಯಮ ಹೋಯಿತು. ಫಾರ್ಮ್‌ಗಳೂ ಬದಲಾದವು. ಆ್ಯಪ್ ಅಪ್‌ಡೇಟ್ ಆದ ಮೇಲೆ ಹೊಸ ಫಾರ್ಮ್ ತಾನಾಗಿಯೇ ಬಂತು. ಪುಸ್ತಕ ಕೊಂಡಿಟ್ಟಿದ್ದವರು ಅದನ್ನು ಮೂಲೆಗೆ ಹಾಕಬೇಕಾಯಿತು.

ಈಗ ನನಗೆ ನಿಜವಾಗಿ ಸಿಟ್ಟು ಬರಿಸುವ ವಿಷಯ. ಈ ಆ್ಯಪ್‌ಗಳಲ್ಲಿ ಒಂದು ಬಟನ್ ಇದೆ. ಒಂದು ಸಾಲಿನಲ್ಲಿ ಬರೆದ ರೀಡಿಂಗ್ ಅನ್ನು ಒತ್ತಿದ ತಕ್ಷಣ ಕೆಳಗಿನ ಎಲ್ಲ ಸಾಲಿಗೂ ತುಂಬಿಬಿಡುತ್ತದೆ. ಕೇಬಲ್ ಬಗೆ, ಬ್ರೇಕರ್ ಬಗೆ ತುಂಬಲು ಇದು ಬೇಕೇಬೇಕು, ಬಹಳ ಸಮಯ ಉಳಿಯುತ್ತದೆ. ವೈರಿನ ಹೊದಿಕೆಯಿಂದ ಕರೆಂಟ್ ಸೋರುತ್ತದೆಯೇ ಎಂದು ನೋಡುವ ಇನ್ಸುಲೇಷನ್ ಟೆಸ್ಟ್‌ನಲ್ಲೂ ಒಂದೇ ಸಂಖ್ಯೆ ಬರಬಹುದು. 500 ವೋಲ್ಟ್ ಹಾಕಿ ಅಳೆದಾಗ ಹೊಸ ವೈರಿಂಗ್‌ನಲ್ಲಿ ಟೆಸ್ಟ್ ಮೀಟರ್ ತನ್ನ ಕೊನೆಯ ಅಳತೆಗೆ ಹೋಗಿ ನಿಲ್ಲುತ್ತದೆ. ಕನಿಷ್ಠ ಬೇಕಾದದ್ದು ಒಂದು ಮೆಗಾ ಓಮ್ ಅಷ್ಟೇ. ಆದರೆ ಲೂಪ್ ರೀಡಿಂಗ್ ಹಾಗಲ್ಲ. ಬೋರ್ಡಿನ ಪಕ್ಕದ ಕುಕ್ಕರ್ ಪಾಯಿಂಟಿಗೂ ಅಟ್ಟದ ಕೊನೆಯ ಲೈಟಿಗೂ ಒಂದೇ ಲೂಪ್ ಎಲ್ಲಾದರೂ ಬರುತ್ತದೆಯೇ? ಬೇರೆಯವರು ಬರೆದ ಸರ್ಟಿಫಿಕೇಟ್‌ಗಳಲ್ಲಿ ಹನ್ನೆರಡು ಸರ್ಕ್ಯೂಟಿಗೂ ಒಂದೇ ಲೂಪ್ ನೋಡಿದ್ದೇನೆ. ಆರ್‌ಸಿಡಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಟ್ರಿಪ್ ಆದ ಸಮಯವೂ ಮನೆ ಮನೆಗೂ ಅದೇ. ಅಂಥವರು ಮೀಟರನ್ನು ಪೆಟ್ಟಿಗೆಯಿಂದ ಹೊರಗೇ ತೆಗೆದಿಲ್ಲ ಎಂದೇ ನಾನು ತಿಳಿಯುತ್ತೇನೆ.

ಇದು ಸಣ್ಣ ವಿಷಯ ಅಲ್ಲ. 30 ಮಿಲಿಆಂಪ್ಸ್‌ನ ಆರ್‌ಸಿಡಿ 300 ಮಿಲಿಸೆಕೆಂಡ್‌ನೊಳಗೆ ಬೀಳಬೇಕು ಎನ್ನುವುದು ಒದ್ದೆ ಕೈಯಲ್ಲಿ ಕೆಟ್ಟ ಹೇರ್ ಡ್ರೈಯರ್ ಹಿಡಿದ ಮಗುವಿನ ಜೀವದ ಪ್ರಶ್ನೆ. ಅಂಥ ಜಾಗದಲ್ಲಿ ಸುಮ್ನೆ ಒಂದು ಸಂಖ್ಯೆ ತುಂಬಲು ಸಾಫ್ಟ್‌ವೇರ್ ದಾರಿ ಮಾಡಿಕೊಡಬಾರದು. ಈಗ ಬ್ಲೂಟೂತ್ ಇರುವ ಮೀಟರ್‌ಗಳು ಬಂದಿವೆ. ಅಳೆದ ರೀಡಿಂಗ್ ನೇರ ಫೋನಿಗೆ ಹೋಗುತ್ತದೆ. ಬೆಲೆ ಜಾಸ್ತಿ, ಕೈಯಿಂದ ಬರೆಯುವುದೇ ಇನ್ನೂ ಹೆಚ್ಚು. ಆದರೆ ಆ್ಯಪ್ ಮಾಡುವವರು ಕನಿಷ್ಠ ಟೆಸ್ಟ್ ಕಾಲಂಗಳಿಂದ ಆ ಬಟನ್ ತೆಗೆಯಬಹುದು. ನಾನು ಬರೆದು ಕೇಳಿದ್ದೇನೆ. 'ಗ್ರಾಹಕರು ಇಷ್ಟಪಡುವ ಸೌಲಭ್ಯ' ಎನ್ನುವ ಉತ್ತರ ಬಂತು. ನಾಲ್ಕು ಅಂಕ ಮೂರಾಗಿದ್ದು ಇದರಿಂದಲೇ. ಸ್ಕೀಮಿನ ಅಸೆಸರ್ ವರ್ಷಕ್ಕೊಮ್ಮೆ ಬಂದು ಕೆಲಸ ನೋಡುತ್ತಾರೆ, ಆದರೆ ನೋಡುವುದು ಕೆಲವೇ ಮನೆಗಳನ್ನು. ಉಳಿದದ್ದು ನಮ್ಮ ಕೈಯಲ್ಲೇ ಇದೆ.

ವೇಲ್ಸ್ ಕೆಲಸದ ಬಗ್ಗೆಯೂ ಹೇಳಬೇಕು. ಬ್ರಿಸ್ಟಲ್‌ನಿಂದ ಸೆವರ್ನ್ ಸೇತುವೆ ದಾಟಿದರೆ ವೇಲ್ಸ್. ಅಲ್ಲಿ 2013ರ ಸಡಿಲಿಕೆ ಇಲ್ಲ. ಇಂಗ್ಲೆಂಡಿನ ಅಡುಗೆಮನೆಯಲ್ಲಿ ಇರುವ ಸರ್ಕ್ಯೂಟಿಗೆ ಒಂದು ಸಾಕೆಟ್ ಸೇರಿಸಿದರೆ ಮೈನರ್ ವರ್ಕ್ಸ್ ಸರ್ಟಿಫಿಕೇಟ್ (ಸಣ್ಣ ಕೆಲಸಕ್ಕೆ ಕೊಡುವ ಚಿಕ್ಕ ಸರ್ಟಿಫಿಕೇಟ್) ಕೊಟ್ಟರೆ ಸಾಕು. ನ್ಯೂಪೋರ್ಟ್‌ನಲ್ಲಿ ಅದೇ ಸಾಕೆಟ್‌ಗೆ ನೋಟಿಫೈ ಕೂಡ ಮಾಡಬೇಕು. ಒಳ್ಳೆಯ ಪೋರ್ಟಲ್ ಪೋಸ್ಟ್‌ಕೋಡ್ ನೋಡಿಯೇ ಇದನ್ನು ಹೇಳಬೇಕಲ್ವಾ? ನನ್ನದು ಹೇಳುವುದಿಲ್ಲ. ಕೆಲಸಗಾರನೇ ನೆನಪಿಟ್ಟುಕೊಳ್ಳಬೇಕು.

ವಿಳಾಸದ ತಲೆನೋವೂ ಉಂಟು. ಹಳೆಯ ಮನೆ ಒಡೆದು ಫ್ಲಾಟ್ ಮಾಡಿದ ಕಡೆ ಪಟ್ಟಿಯಲ್ಲಿ 'ಫಸ್ಟ್ ಫ್ಲೋರ್ ಫ್ಲಾಟ್' ಎಂದಿರುತ್ತದೆ, ಬಾಗಿಲ ಮೇಲೆ 'ಫ್ಲಾಟ್ 2' ಎಂದಿರುತ್ತದೆ. ಮನೆಯವರ ಕೌನ್ಸಿಲ್ ಟ್ಯಾಕ್ಸ್ ಬಿಲ್ ತರಿಸಿ ನೋಡಿ ಆರಿಸುವುದು ಸುರಕ್ಷಿತ.

ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಹಾಕುವವರಿಗೆ ಕೆಲಸ ಇನ್ನೂ ಜಾಸ್ತಿ. ಹೊಸ ಸರ್ಕ್ಯೂಟ್ ಆದ್ದರಿಂದ ಸರ್ಟಿಫಿಕೇಟ್ ಬೇಕು, ಬಿಲ್ಡಿಂಗ್ ಕಂಟ್ರೋಲ್‌ಗೂ ತಿಳಿಸಬೇಕು. ಅದರ ಮೇಲೆ ಆ ಪ್ರದೇಶದ ವಿದ್ಯುತ್ ಜಾಲದ ಕಂಪನಿಗೂ ತಿಳಿಸಬೇಕು. ಮನೆಯ ಒಟ್ಟು ಲೋಡ್ ಮಿತಿಯೊಳಗಿದ್ದರೆ ಹಾಕಿದ ಮೇಲೆ 28 ದಿನದೊಳಗೆ, ಮೀರಿದರೆ ಹಾಕುವ ಮೊದಲೇ ಅನುಮತಿ. ಒಂದು ಕಡೆ 28, ಇನ್ನೊಂದು ಕಡೆ 30. ಮೂರು ಕಡೆ ಮೂರು ಲಾಗಿನ್, ಅದೇ ವಿಳಾಸ ಮೂರು ಸಲ ಟೈಪ್ ಮಾಡಬೇಕು. ಕೆಲವು ಸ್ಕೀಮಿನವರು ತಮ್ಮದೇ ಆ್ಯಪ್‌ನಲ್ಲಿ ಸರ್ಟಿಫಿಕೇಟ್ ಬರೆದರೆ ನೋಟಿಫಿಕೇಷನ್ ಅಲ್ಲಿಂದಲೇ ಹೋಗುವ ಹಾಗೆ ಮಾಡಿದ್ದಾರೆ. ಬೇರೆ ಆ್ಯಪ್ ಬಳಸಿದರೆ ಆ ಅನುಕೂಲ ಇಲ್ಲ.

ಹೊಸದಾಗಿ ತೆಗೆದುಕೊಳ್ಳುವ ಎಲೆಕ್ಟ್ರಿಷಿಯನ್ ಗೆಳೆಯರು ಹಣ ಕಟ್ಟುವ ಮೊದಲು ಒಂದು ವಿಷಯ ಕೇಳಿ: ಚಂದಾ ನಿಲ್ಲಿಸಿದರೆ ಹಳೆಯ ಸರ್ಟಿಫಿಕೇಟ್‌ಗಳ ಗತಿ ಏನು? ನಾನು ಬಿಟ್ಟ ಒಂದು ಆ್ಯಪ್‌ನಲ್ಲಿ ಚಂದಾ ಮುಗಿದ ಮೇಲೆ ಒಳಗೇ ಬಿಡಲಿಲ್ಲ. ಎಲ್ಲದರ ಪಿಡಿಎಫ್ ಮೊದಲೇ ಇಳಿಸಿಕೊಂಡಿದ್ದರಿಂದ ಬಚಾವಾದೆ. ನೆಟ್ ಇಲ್ಲದ ಕಡೆ ಕೆಲಸ ಮಾಡುತ್ತದೆಯೇ ಎನ್ನುವುದನ್ನೂ ನೋಡಿ. ಫ್ಯೂಸ್ ಬೋರ್ಡ್ ಇರುವ ನೆಲಮಾಳಿಗೆಯಲ್ಲಿ ಸಿಗ್ನಲ್ ಸಿಗುವುದೇ ಅಪರೂಪ.

ಮನೆಯವರಾದರೆ ಎರಡು ಪೇಪರ್ ಬೇರೆ ಬೇರೆ ಎನ್ನುವುದು ನೆನಪಿರಲಿ. ರೀಡಿಂಗ್ ಇರುವ ಸರ್ಟಿಫಿಕೇಟ್ ಎಲೆಕ್ಟ್ರಿಷಿಯನ್ ಕೊಡುತ್ತಾನೆ. ಕಂಪ್ಲಯನ್ಸ್ ಸರ್ಟಿಫಿಕೇಟ್ ಸ್ಕೀಮಿನಿಂದ ಬರುತ್ತದೆ. ಮೊದಲನೆಯದು ಕೈಗೆ ಬಂದಾಗ ಲೂಪ್ ಕಾಲಂ ಮೇಲಿಂದ ಕೆಳಗೆ ಒಮ್ಮೆ ಓದಿ. ಎಲ್ಲ ಸಾಲಿನಲ್ಲೂ ಒಂದೇ ಸಂಖ್ಯೆ ಇದ್ದರೆ ಯಾಕೆ ಎಂದು ಕೇಳಿ, ಅದು ನಿಮ್ಮ ಹಕ್ಕು. ಎರಡನೆಯದು 30 ದಿನವಾದರೂ ಬರದಿದ್ದರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಅವನು ಎತ್ತದಿದ್ದರೆ ನೇರ ಸ್ಕೀಮಿಗೇ ಮಾಡಿ.