ಅರಿಜೋನಾದ ಕೆಂಪು ಕಲ್ಲಿನ ಸೀಮೆ: ಸೆಡೋನಾ ಜೀಪೋ, ಆಂಟಿಲೋಪ್ ಕಣಿವೆಯೋ, ಮಾನ್ಯುಮೆಂಟ್ ವ್ಯಾಲಿಯೋ?

ಫೀನಿಕ್ಸ್, ಚಾಂಡ್ಲರ್, ಗಿಲ್ಬರ್ಟ್ ಕಡೆ ಇರುವ ಕನ್ನಡಿಗರ ಮನೆಗೆ ಊರಿನಿಂದ ಹಿರಿಯರು ಬಂದರೆ, ಗ್ರ್ಯಾಂಡ್ ಕ್ಯಾನಿಯನ್ ಮುಗಿದ ಮೇಲೆ ಮುಂದಿನ ಪ್ರಶ್ನೆ ಒಂದೇ: ಕೆಂಪು ಕಲ್ಲಿನ ಸೀಮೆಗೆ ಎಲ್ಲಿಗೆ ಕರೆದುಕೊಂಡು ಹೋಗೋಣ? ಎದುರಿಗೆ ಮೂರು ದಾರಿ ಇವೆ. ಹತ್ತಿರದ ಸೆಡೋನಾದಲ್ಲಿ ಜೀಪು ಸವಾರಿ, ಪೇಜ್ ಊರಿನ ಪಕ್ಕದ ಆಂಟಿಲೋಪ್ ಕಣಿವೆ, ಇನ್ನೂ ದೂರದ ಮಾನ್ಯುಮೆಂಟ್ ವ್ಯಾಲಿ. ಮೂರರಲ್ಲೂ ಗೈಡ್ ಇರುತ್ತಾರೆ, ಮೂರಕ್ಕೂ ದುಡ್ಡು ಹೆಚ್ಚುಕಡಿಮೆ ಒಂದೇ ಅಳತೆಯದು. ಅಪ್ಪ-ಅವ್ವನನ್ನು ಮೂರಕ್ಕೂ ಕರೆದೊಯ್ದಿದ್ದೇನೆ. ಅಪ್ಪನಿಗೆ ಮೊಣಕಾಲು ನೋವು, ಅವ್ವನಿಗೆ ಬೆನ್ನು ನೋವು. ಹಾಗಾಗಿ ಇಲ್ಲಿ ಬರೆಯುವುದೆಲ್ಲ ಹಿರಿಯರನ್ನು ಜೊತೆಗಿಟ್ಟುಕೊಂಡು ನೋಡಿದ್ದು.

ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಒಂದು ರಾತ್ರಿ ಹೊರಗೆ ಉಳಿಯಲು ಆಗುವುದಾದರೆ ಮಾನ್ಯುಮೆಂಟ್ ವ್ಯಾಲಿಗೇ ಹೋಗಿ. ಅದನ್ನೂ ಸ್ವಂತ ಕಾರಿನಲ್ಲಿ ಸುತ್ತಬೇಡಿ, ಅಲ್ಲಿಯ ಮೂಲನಿವಾಸಿಗಳಾದ ನವಾಹೊ ಜನರ ಗೈಡ್ ಜೊತೆ ಸುತ್ತಿ.

ಸೆಡೋನಾದ ದೊಡ್ಡ ಅನುಕೂಲ ದೂರ. ಫೀನಿಕ್ಸ್‌ನಿಂದ ಎರಡು ಗಂಟೆ. ಬೆಳಿಗ್ಗೆ ಉಪ್ಪಿಟ್ಟು ತಿಂದು ಹೊರಟರೆ ರಾತ್ರಿ ಊಟಕ್ಕೆ ಮನೆಯಲ್ಲಿರಬಹುದು. ಸುಮಾರು 1,300 ಮೀಟರ್ ಎತ್ತರದ ಊರು, ಆದ್ದರಿಂದ ಫೀನಿಕ್ಸ್ ಕಾದ ಹಂಚಾಗಿರುವಾಗಲೂ ಅಲ್ಲಿ ಸ್ವಲ್ಪ ಸಹಿಸಬಹುದಾದ ಬಿಸಿಲು. ಊರಿನ ಸುತ್ತ ನಿಂತಿರುವ ಕೆಂಪು ಗುಡ್ಡಗಳು ಸುಮಾರು 28 ಕೋಟಿ ವರ್ಷ ಹಿಂದಿನ ಮರಳು ಕಲ್ಲು. ಮರಳಿನ ಒಂದೊಂದು ಕಾಳಿಗೂ ಕಬ್ಬಿಣದ ಆಕ್ಸೈಡ್ ತೆಳುವಾಗಿ ಮೆತ್ತಿಕೊಂಡಿದ್ದರಿಂದ ಈ ಕೆಂಪು. ಕಾರಿನಿಂದ ಇಳಿದ ಕೂಡಲೇ ಅಪ್ಪ ಅಂದದ್ದು, "ತಮ್ಮಾ, ಇದು ನಮ್ಮ ಬಾದಾಮಿ ಗುಡ್ಡದ ಬಣ್ಣಾನ ಐತಿ ನೋಡು." ನಿಜವೇ. ಬಾದಾಮಿಯದೂ ಕಬ್ಬಿಣ ಕೂಡಿದ ಮರಳು ಕಲ್ಲೇ, ವಯಸ್ಸಿನಲ್ಲಿ ಮಾತ್ರ ಇದಕ್ಕಿಂತ ಎಷ್ಟೋ ಹಿರಿಯದು. ನಮ್ಮಲ್ಲಿ ಆ ಕಲ್ಲನ್ನು ಕೊರೆದು ಗುಡಿ ಮಾಡಿದರು. ಇಲ್ಲಿ ಅದರ ಮೇಲೆ ಜೀಪು ಹತ್ತಿಸುತ್ತಾರೆ.

ಹತ್ತಿಸುತ್ತಾರೆ ಅನ್ನುವ ಮಾತನ್ನು ಹಾಗೇ ತೆಗೆದುಕೊಳ್ಳಿ. ಬ್ರೋಕನ್ ಆ್ಯರೋ ಅನ್ನುವ ಹಾದಿಯಲ್ಲಿ ಜೀಪು ಬರಿಬಂಡೆಯ ಮೇಲೆ ಏರುತ್ತದೆ, ಮೆಟ್ಟಿಲು ಮೆಟ್ಟಿಲಾದ ಕಲ್ಲಿನ ಮೇಲೆ ಮೂತಿ ಕೆಳಗೆ ಮಾಡಿಕೊಂಡು ಇಳಿಯುತ್ತದೆ. 1960ರಿಂದಲೂ ಈ ಊರಲ್ಲಿ ಜೀಪು ಸವಾರಿಯ ವ್ಯಾಪಾರ ಇದೆ, ಓಡಿಸುವವರ ಕೈ ಪಳಗಿದೆ. ಹರೆಯದವರಿಗೆ, ಹತ್ತು-ಹನ್ನೆರಡು ವಯಸ್ಸಿನ ಮಕ್ಕಳಿಗೆ ಇದಕ್ಕಿಂತ ಖುಷಿ ಬೇರೆ ಇಲ್ಲ. ನನ್ನ ಮಗ ಇಳಿದ ತಕ್ಷಣ ಇನ್ನೊಮ್ಮೆ ಹೋಗೋಣ ಅಂದ. ಅವ್ವ ಮಾತ್ರ ಆ ರಾತ್ರಿ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದಳು. ಬೆನ್ನು, ಕುತ್ತಿಗೆ ನೋವಿದ್ದವರು ಈ ಹಾದಿಗೆ ಬರಲೇಬಾರದು. ಅಂಥವರಿಗೆ ಸೆಡೋನಾದಲ್ಲೇ ಬೇರೆ ಏರ್ಪಾಡಿದೆ: ಡಾಂಬರು ರಸ್ತೆಯಲ್ಲೇ ಸುತ್ತುವ ಟ್ರಾಲಿ ಬಸ್ಸು. 1956ರಲ್ಲಿ ಬಂಡೆಯ ನಡುವೆಯೇ ಕಟ್ಟಿದ ಹೋಲಿ ಕ್ರಾಸ್ ಚಾಪೆಲ್ ಎಂಬ ಪುಟ್ಟ ಚರ್ಚಿನವರೆಗೆ ಅದು ಕೂತಲ್ಲೇ ಕರೆದೊಯ್ಯುತ್ತದೆ.

ಸೆಡೋನಾದ ಗೈಡ್‌ಗಳ ಬಗ್ಗೆ ಒಂದು ಮಾತು. ಹಾದಿ ಗೊತ್ತು, ನಗಿಸಲು ಗೊತ್ತು, ಗಿಡಗಳ ಹೆಸರು ಗೊತ್ತು. ಆದರೆ ನಮ್ಮ ಜೀಪಿನಲ್ಲಿ ಕಲ್ಲಿನ ಬಗ್ಗೆ ಬಂದ ಮಾತು ಬಹುಪಾಲು ಆಕಾರದ್ದೇ: ಇದು ಗಂಟೆ, ಅದು ಕಾಫಿ ಪಾತ್ರೆ, ಆಚೆ ಇರುವುದು ಸಬ್‌ಮರೀನ್. ಅಪ್ಪನಿಗೆ ಬೇಕಿದ್ದದ್ದು ಬೇರೆ. ಇಲ್ಲಿ ಮೊದಲು ಯಾರಿದ್ದರು, ಏನು ಬೆಳೆಯುತ್ತಿದ್ದರು, ನೀರಿಗೆ ಏನು ಮಾಡುತ್ತಿದ್ದರು? ಒಂದಕ್ಕೂ ಸರಿಯಾದ ಉತ್ತರ ಸಿಗಲಿಲ್ಲ.

ಆಂಟಿಲೋಪ್ ಕಣಿವೆಗೆ ಫೀನಿಕ್ಸ್‌ನಿಂದ ನಾಲ್ಕೂವರೆ ಗಂಟೆ. ಅದು ನವಾಹೊ ಜನರ ನೆಲ. ಗೈಡ್ ಇಲ್ಲದೆ ಒಳಗೆ ಕಾಲಿಡಲು ಬಿಡುವುದಿಲ್ಲ, ಅದಕ್ಕೆ ಗಟ್ಟಿ ಕಾರಣವೂ ಇದೆ. 1997ರ ಆಗಸ್ಟ್ 12ರಂದು ಕೆಳ ಕಣಿವೆಯಲ್ಲಿ ಹಠಾತ್ ಪ್ರವಾಹಕ್ಕೆ 11 ಪ್ರವಾಸಿಗರು ಕೊಚ್ಚಿಹೋದರು. ಅವರು ನಿಂತಿದ್ದ ಕಡೆ ಹೆಚ್ಚು ಮಳೆಯೇ ಇರಲಿಲ್ಲ, ಮಳೆ ಸುರಿದಿದ್ದು ಮೈಲಿಗಟ್ಟಲೆ ಮೇಲಿನ ಬಯಲಿನಲ್ಲಿ. ಇಂಥ ನೀರೇ ಸಾವಿರಾರು ವರ್ಷ ನುಗ್ಗಿ ನುಗ್ಗಿ ಈ ಕಣಿವೆಯನ್ನು ಕೊರೆದಿದ್ದು. ಇದನ್ನು ತಿಳಿದು ಒಳಗೆ ಹೋದರೆ, ತಲೆ ಮೇಲೆ ಸಿಕ್ಕಿಕೊಂಡ ಮರದ ದಿಮ್ಮಿಯನ್ನು ಗೈಡ್ ತೋರಿಸುವಾಗ ಮೈ ಜುಮ್ಮೆನ್ನುತ್ತದೆ. ಜುಲೈ, ಆಗಸ್ಟ್‌ನ ಮಳೆಗಾಲದಲ್ಲಿ ಮೋಡ ನೋಡಿ ಟೂರ್ ರದ್ದು ಮಾಡಿದರೆ ಅವರ ಜೊತೆ ವಾದಕ್ಕೆ ನಿಲ್ಲಬೇಡಿ.

ಮೇಲಿನ ಕಣಿವೆ, ಕೆಳಗಿನ ಕಣಿವೆ ಎರಡಕ್ಕೂ ಬೇರೆ ಬೇರೆ ಟಿಕೆಟ್. ಮೇಲಿನದರಲ್ಲಿ ನೆಲ ಸಮತಟ್ಟು, ಕೆಳಗೆ ಅಗಲ, ಮೇಲೆ ಹೋದಂತೆ ಕಿರಿದು. ಬೇಸಿಗೆಯ ತಿಂಗಳುಗಳಲ್ಲಿ ನಡುಮಧ್ಯಾಹ್ನದ ಹೊತ್ತಿಗೆ ಬಿಸಿಲು ಕೋಲಿನಂತೆ ಒಳಗಿಳಿಯುವುದು ಇಲ್ಲೇ, ಆ ಹೊತ್ತಿನ ಟಿಕೆಟ್ ದರವೂ ಹೆಚ್ಚು. ಕೆಳಗಿನದು ಅಗ್ಗ ಮತ್ತು ಉದ್ದ, ಬಣ್ಣಗಳ ಆಟವೂ ನನ್ನ ಕಣ್ಣಿಗೆ ಅಲ್ಲಿಯೇ ಹೆಚ್ಚು. ಆದರೆ ಇಳಿಯುವುದು ಕಡಿದಾದ ಕಬ್ಬಿಣದ ಮೆಟ್ಟಿಲಲ್ಲಿ, ಕೆಲವು ಕಡೆ ಒಂದು ಕಾಲಿನ ಮುಂದೆ ಇನ್ನೊಂದು ಕಾಲಿಟ್ಟು ಅಡ್ಡಡ್ಡ ನಡೆಯಬೇಕು. ಮೊಣಕಾಲು ನೋವಿದ್ದವರಿಗೆ ಅದು ಬೇಡ. ಅಪ್ಪ-ಅವ್ವನನ್ನು ಮೇಲಿನದಕ್ಕೇ ಕರೆದೊಯ್ದೆ. ಅಲ್ಲೂ ಈಗ ಒಂದು ತುದಿಯಲ್ಲಿ ಹೊಕ್ಕು ಇನ್ನೊಂದು ತುದಿಯಲ್ಲಿ ಹೊರಬೀಳುವ ವ್ಯವಸ್ಥೆ. ಹೊರಗಿನಿಂದ ವಾಪಸು ಬರುವಾಗ ಸ್ವಲ್ಪ ಮೆಟ್ಟಿಲು ಇವೆ, ಕೈಹಿಡಿದು ನಡೆಸಿಕೊಂಡು ಬಂದರೆ ಆದೀತು.

ಕಲ್ಲು ಅಲ್ಲಿ ರೇಷ್ಮೆ ಸೀರೆಯ ನೆರಿಗೆ ಹಾಗೆ ಇಳಿಬಿದ್ದಿದೆ. ಚಂದದ ಲೆಕ್ಕದಲ್ಲಿ ಮೂರರಲ್ಲಿ ಇದೇ ಮೊದಲು, ಅದರಲ್ಲಿ ನನಗೆ ಸಂಶಯ ಇಲ್ಲ. ಕೊರತೆ ಎಂದರೆ ಸಮಯ. ಹಿಂದೊಂದು ಗುಂಪು, ಮುಂದೊಂದು ಗುಂಪು, ನಡುವೆ ನಾವು. ಗೈಡ್ ಹುಡುಗಿ ಒಳ್ಳೆಯವಳು, ಎಲ್ಲರ ಫೋನನ್ನೂ ಇಸಿದುಕೊಂಡು ಸರಿಯಾದ ಸೆಟ್ಟಿಂಗ್ ಹಾಕಿಕೊಟ್ಟಳು, ಎಲ್ಲಿ ನಿಂತರೆ ಯಾವ ಬಣ್ಣ ಬರುತ್ತದೆ ಎಂದು ತೋರಿಸಿದಳು. ಆದರೆ ಅವಳಿಗೂ ನಿಲ್ಲಲು ಬಿಡುವಿಲ್ಲ. ಅವ್ವ ಕಲ್ಲಿಗೆ ಅಂಗೈ ಊರಿ ನಿಂತು ನೋಡಬೇಕು ಅನ್ನುವಷ್ಟರಲ್ಲಿ ಮುಂದೆ ನಡೆಯಿರಿ ಎಂಬ ಕೂಗು. ಮನೆಗೆ ಬಂದ ಮೇಲೆ ನೋಡಿದರೆ ಫೋನಿನ ತುಂಬ ಅದ್ಭುತ ಫೋಟೋಗಳು. ಅಪ್ಪನನ್ನು ಏನು ನೋಡಿದೆ ಎಂದು ಕೇಳಿದರೆ, "ಫೋಟೋ ಚಲೋ ಬಂದಾವು" ಎಂದಷ್ಟೇ ಹೇಳಿದ.

ಮಾನ್ಯುಮೆಂಟ್ ವ್ಯಾಲಿ ಅರಿಜೋನಾ-ಯೂಟಾ ಗಡಿಯ ಮೇಲಿದೆ. ಫೀನಿಕ್ಸ್‌ನಿಂದ ಐದೂವರೆ ಗಂಟೆ, ಪೇಜ್‌ನಿಂದಾದರೆ ಎರಡು ಗಂಟೆಯ ಮೇಲೆ. ನವಾಹೊ ರಾಷ್ಟ್ರ, ಅಂದರೆ ಆ ಜನರದೇ ಸ್ವಂತ ಆಡಳಿತ, ಇದನ್ನು 1958ರಲ್ಲಿ ತನ್ನದೇ ಪಾರ್ಕ್ ಎಂದು ಘೋಷಿಸಿತು, ಆದ್ದರಿಂದ ಅಮೆರಿಕ ಸರ್ಕಾರದ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸು ಇಲ್ಲಿ ನಡೆಯುವುದಿಲ್ಲ. ಇಲ್ಲಿ ಹೋಲಿಸಬೇಕಾದದ್ದು ಎರಡು: ಸ್ವಂತ ಕಾರು ಮತ್ತು ಗೈಡ್‌ನ ಟ್ರಕ್ಕು. ಎರಡನ್ನೂ ನೋಡಿದ್ದೇನೆ.

ಸ್ವಂತ ಕಾರಿನವರಿಗೆ 17 ಮೈಲಿಯ ಮಣ್ಣು ರಸ್ತೆ ಇದೆ, ನಂಬರು ಹಾಕಿದ 11 ನಿಲ್ದಾಣಗಳಿವೆ. ಮೊದಲ ಇಳಿಜಾರೇ ಗುಂಡಿಗಳಿಂದ ತುಂಬಿದೆ, ಮುಂದೆ ಅಲ್ಲಲ್ಲಿ ಮರಳು. ಬಾಡಿಗೆ ಕಾರಾದರೆ ಕರಾರು ಓದಿ, ಮಣ್ಣು ರಸ್ತೆಗೆ ಒಯ್ದರೆ ವಿಮೆ ಇಲ್ಲ ಎಂದು ಅನೇಕ ಕಂಪನಿಗಳು ಬರೆದಿರುತ್ತವೆ. ಸ್ನೇಹಿತರ ಜೊತೆ ಹಾಗೆ ಸುತ್ತಿದಾಗ ಮಿಟನ್ಸ್ ಎಂಬ ಎರಡು ಕೈಗವಸಿನ ಗುಡ್ಡ, ಮೂರು ಅಕ್ಕತಂಗಿಯರ ಕಂಬ, ಎಲ್ಲವನ್ನೂ ನೋಡಿದೆವು. ಓಡಿಸುವವನ ಕಣ್ಣು ಮಾತ್ರ ಮೂರು ಹೊತ್ತೂ ಗುಂಡಿಯ ಮೇಲೆ. ಬಂಡೆಯ ಕಮಾನುಗಳು, ಹಳೆಯ ಕೆತ್ತನೆಗಳು ಇರುವ ಒಳ ಹಾದಿಗಳಿಗೆ ಹೊರಗಿನವರು ತಾವೇ ಹೋಗುವಂತಿಲ್ಲ, ನವಾಹೊ ಗೈಡ್ ಬೇಕೇ ಬೇಕು.

ಅಪ್ಪ-ಅವ್ವ ಬಂದಾಗ ಹತ್ತಿದ್ದು ಆ ಟ್ರಕ್ಕು. ಗೈಡ್ ಐವತ್ತು ದಾಟಿದ ಮನುಷ್ಯ, ಅದೇ ಕಣಿವೆಯಲ್ಲಿ ಅಜ್ಜಿಯ ಕುರಿ ಕಾಯ್ದುಕೊಂಡು ಬೆಳೆದವನು. ಮೊದಲ ಗುಡ್ಡದ ಎದುರು ಗಾಡಿ ನಿಲ್ಲಿಸಿ ಅವನು ಹೇಳಿದ್ದು ಆಕಾರದ ಮಾತಲ್ಲ, ಗುಡ್ಡ ಹೇಗೆ ನಿಂತಿದೆ ಎಂಬುದು. ಮೇಲಿನ ಗೋಡೆಯಂಥ ಭಾಗ ಗಟ್ಟಿ ಮರಳು ಕಲ್ಲು, ಒಂದು ಕಾಲದ ಗಾಳಿ ಮರಳಿನ ದಿಬ್ಬ. ಬುಡದ ಇಳಿಜಾರು ಮೆತ್ತನೆಯ ಜೇಡಿಗಲ್ಲು. ಬುಡ ಸವೆದಂತೆ ಮೇಲಿನದು ಹೋಳು ಹೋಳಾಗಿ ನೇರ ಕಳಚಿ ಬೀಳುತ್ತದೆ, ಅದಕ್ಕೇ ಗೋಡೆ ಯಾವಾಗಲೂ ನೆಟ್ಟಗೆ. ಒಂದು ಕಡೆ ಇನ್ನೂ ಬಣ್ಣ ಮಾಸದ ಗಾಯ ತೋರಿಸಿ, ಇದು ನಾನು ಹುಡುಗನಾಗಿದ್ದಾಗ ಬಿದ್ದದ್ದು ಎಂದ. ಅಪ್ಪ ಆಮೇಲೆ ಪ್ರತಿ ಗುಡ್ಡದ ಬುಡವನ್ನೂ ನೋಡತೊಡಗಿದ.

ನಂತರ ಹೋಗನ್, ಅಂದರೆ ಮರದ ದಿಮ್ಮಿ ಜೋಡಿಸಿ ಮೇಲೆ ಮಣ್ಣು ಮೆತ್ತಿದ ದುಂಡು ಮನೆ. ಬಾಗಿಲು ಮೂಡಣಕ್ಕೇ ಇರಬೇಕು, ಬೆಳಗಿನ ಸೂರ್ಯನನ್ನು ಎದುರುಗೊಳ್ಳಲು. ಅದನ್ನು ನಾನು ಕನ್ನಡದಲ್ಲಿ ಹೇಳಿದಾಗ ಅವ್ವ, "ನಮ್ಮ ಮನೀ ಬಾಗಲಾನೂ ಮೂಡಲಕ್ಕ ಐತಿ ಅಂತ ಹೇಳಪಾ ಅವಗ" ಅಂದಳು. ಹೇಳಿದೆ. ಅಲ್ಲಿಂದ ಮುಂದೆ ಅವನು ಮಾತಾಡಿದ್ದೆಲ್ಲ ಅವ್ವ-ಅಪ್ಪನ ಕಡೆ ತಿರುಗಿಕೊಂಡೇ, ನಾನು ನಡುವೆ ದುಭಾಷಿ. ನೀರು ಎಲ್ಲಿಂದ? ಅನೇಕ ಮನೆಗಳಿಗೆ ಇಂದಿಗೂ ನಲ್ಲಿ ಇಲ್ಲ, ಪಿಕಪ್ ಗಾಡಿಯಲ್ಲಿ ಡ್ರಮ್ಮು ಇಟ್ಟು ತರುತ್ತೇವೆ. ಈ ನೆಲ ಬಿಟ್ಟು ಹೋಗಲಿಲ್ಲವೇ? 1864ರಲ್ಲಿ ಅಮೆರಿಕದ ಸೈನ್ಯ ನಮ್ಮವರನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ನ್ಯೂ ಮೆಕ್ಸಿಕೋದಲ್ಲಿ ಕೂಡಿಹಾಕಿತು, 1868ರ ಒಪ್ಪಂದದ ಮೇಲೆ ವಾಪಸು ನಡೆದು ಬಂದೆವು, ಇನ್ನೆಲ್ಲಿಗೆ ಹೋಗುವುದು? ಈ ಸೀಮೆಯಲ್ಲಿ 1940ರ ದಶಕದಿಂದ ಯುರೇನಿಯಂ ಅಗೆದದ್ದನ್ನೂ ಹೇಳಿದ. ಅವನ ಅಜ್ಜನ ತಲೆಮಾರಿನವರು ಧೂಳಿನಲ್ಲಿ ಬರಿ ಮೂಗಿನಲ್ಲೇ ದುಡಿದರು, ಶ್ವಾಸಕೋಶದ ರೋಗಕ್ಕೆ ಸತ್ತರು. ಪರಿಹಾರದ ಕಾಯ್ದೆ ಬಂದಿದ್ದು 1990ರಲ್ಲಿ. ಗಣಿಯ ಮಾತು ಬಂದಾಗ ಅಪ್ಪ ಬಳ್ಳಾರಿಯ ಬಗ್ಗೆ ಏನೇನೋ ಹೇಳಿದ, ಅದನ್ನೂ ಅನುವಾದ ಮಾಡಿದೆ. ಇಬ್ಬರೂ ತಲೆಯಾಡಿಸಿದರು.

ಒಳ ಹಾದಿಯಲ್ಲಿ ಬಿಗ್ ಹೋಗನ್ ಎಂಬ ದೊಡ್ಡ ಕಲ್ಲಿನ ಗುಮ್ಮಟ ಇದೆ, ನೆತ್ತಿಯಲ್ಲಿ ಆಕಾಶಕ್ಕೆ ತೆರೆದ ತೂತು. ಇಳಿಜಾರು ಬಂಡೆಗೆ ಬೆನ್ನು ಕೊಟ್ಟು ಒರಗಿ ಮೇಲೆ ನೋಡಿ ಎಂದು ಹೇಳಿ ಗೈಡ್ ತನ್ನ ಭಾಷೆಯಲ್ಲಿ ಹಾಡಿದ. ದನಿ ಸುತ್ತ ತಿರುಗಿ ತಲೆಯ ಮೇಲೇ ಬಂದು ನಿಲ್ಲುತ್ತದೆ. ಅವ್ವನ ಬೆನ್ನಿಗೂ ಆ ಬಂಡೆಯ ಓರೆ ಹಿತವಾಗಿತ್ತು, ಏಳಲು ಮನಸ್ಸೇ ಇರಲಿಲ್ಲ. ನಮ್ಮನ್ನು ಯಾರೂ ಏಳಿಸಲೂ ಇಲ್ಲ. ಆಂಟಿಲೋಪ್‌ಗೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಇಷ್ಟರಲ್ಲೇ ಸಿಕ್ಕಿತು.

ತೊಂದರೆಗಳೂ ಇವೆ. ಟ್ರಕ್ಕಿನ ಹಿಂಭಾಗ ತೆರೆದದ್ದು, ವಸಂತದಲ್ಲಿ ಗಾಳಿ ಎದ್ದರೆ ಕಣ್ಣು, ಬಾಯಿ, ಕಿವಿಯೆಲ್ಲ ಕೆಂಪು ಮರಳು. ಸೆರಗು, ಮಫ್ಲರ್, ಕನ್ನಡಕ ಬೇಕು. ಕುಲುಕಾಟವೂ ಇದೆ, ಆದರೆ ಸೆಡೋನಾದ ಬಂಡೆ ಇಳಿತದ ಮುಂದೆ ಏನೇನೂ ಅಲ್ಲ. ಊಟದ್ದು ಕಷ್ಟವೇ. ಹತ್ತಿರದ ಊರು ಕಯೆಂಟಾ, ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ಫ್ರೈ ಬ್ರೆಡ್ ಸಿಗುತ್ತದೆ, ಯಾವ ಎಣ್ಣೆಯಲ್ಲಿ ಕರಿದಿದ್ದಾರೆ ಎಂದು ಕೇಳಿ ತೆಗೆದುಕೊಳ್ಳಿ, ಹಂದಿ ಕೊಬ್ಬು ಬಳಸುವ ರೂಢಿ ಇದೆ. ಅವ್ವ ಕಟ್ಟಿಕೊಂಡಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಎರಡು ದಿನ ನಮ್ಮನ್ನು ಸಾಕಿತು. ನವಾಹೊ ನೆಲದಲ್ಲಿ ಮದ್ಯ ನಿಷಿದ್ಧ. ಡ್ರೋನ್ ಹಾರಿಸುವಂತಿಲ್ಲ, ಮನೆಗಳ, ಜನರ ಫೋಟೋ ತೆಗೆಯುವ ಮುಂಚೆ ಕೇಳಲೇಬೇಕು.

ಬುಕ್ ಮಾಡುವವರು ಗಡಿಯಾರದ ಗೊಂದಲ ತಿಳಿದಿರಬೇಕು. ಅರಿಜೋನಾ ಬೇಸಿಗೆಯಲ್ಲಿ ಗಡಿಯಾರ ಮುಂದೆ ಹಾಕುವುದಿಲ್ಲ, ನವಾಹೊ ರಾಷ್ಟ್ರ ಹಾಕುತ್ತದೆ. ಮಾರ್ಚಿಯಿಂದ ನವೆಂಬರ್ ಆರಂಭದವರೆಗೆ ಮಾನ್ಯುಮೆಂಟ್ ವ್ಯಾಲಿ ಫೀನಿಕ್ಸ್‌ಗಿಂತ ಒಂದು ಗಂಟೆ ಮುಂದೆ. ಆಂಟಿಲೋಪ್ ನವಾಹೊ ನೆಲದಲ್ಲಿದ್ದರೂ ಅಲ್ಲಿಯ ಟೂರ್‌ಗಳು ಪೇಜ್‌ನ, ಅಂದರೆ ಫೀನಿಕ್ಸ್‌ನ ಸಮಯದಲ್ಲೇ ನಡೆಯುತ್ತವೆ. ಫೋನ್ ತಾನಾಗಿ ತೋರಿಸುವ ಹೊತ್ತನ್ನು ನಂಬಬೇಡಿ, ಟಿಕೆಟ್ ಕೊಟ್ಟವರನ್ನೇ ಕೇಳಿ.

ಮಾನ್ಯುಮೆಂಟ್ ವ್ಯಾಲಿಯಲ್ಲಿ ಸ್ವಂತ ಕಾರುಗಳನ್ನು ಸಂಜೆಗೆ ಮೊದಲೇ ಒಳಗೆ ಬಿಡುವುದು ನಿಲ್ಲಿಸುತ್ತಾರೆ, ಗೈಡ್‌ಗಳು ಮಾತ್ರ ಸೂರ್ಯ ಮುಳುಗುವವರೆಗೂ ಇರಬಹುದು. ಹಾಗಾಗಿ ಸಂಜೆಯ ಟೂರ್ ತೆಗೆದುಕೊಳ್ಳಿ, ಮೇ ಅಥವಾ ಅಕ್ಟೋಬರ್ ಆದರೆ ಇನ್ನೂ ಒಳ್ಳೆಯದು. ಆನ್‌ಲೈನಿನಲ್ಲಿ ಬುಕ್ ಮಾಡಿದರೂ ಒಮ್ಮೆ ಫೋನ್ ಮಾಡಿ, ಒಳ ಹಾದಿ ಸೇರಿದೆಯೇ, ವಯಸ್ಸಾದವರಿಗೆ ಮುಚ್ಚಿದ ಗಾಡಿ ಅಥವಾ ಡ್ರೈವರ್ ಪಕ್ಕದ ಸೀಟು ಸಿಗುತ್ತದೆಯೇ ಎಂದು ಕೇಳಿ. ನಾವು ಕೇಳಿದ್ದಕ್ಕೆ ಅವ್ವನಿಗೆ ಮುಂದಿನ ಸೀಟು ಕೊಟ್ಟರು.